ಹಿಂದೆ ಅರ್ಧ ಇಂಚು

ಬಾಯಲ್ಲಿ ಎಂಟು ಗುಂಡುಪಿನ್ನು ಕಚ್ಚಿಕೊಂಡು
ಅವರ ಕಾಲ ಬಳಿ ಕೂತಿದ್ದೆ. ಅದಕ್ಕೇ
ಆವತ್ತು ನಾನೇನೂ ಮಾತಾಡಲಿಲ್ಲ.
ಮಾತಾಡಿದ್ದೆಲ್ಲ ಸವರಿಮುತ್ತು ಮೇಸ್ತ್ರಿ.

ರಾಬರ್ಟ್‌ಸನ್‌ಪೇಟೆಯ ನಮ್ಮ ಬೀದಿಯಲ್ಲಿ
ಕೋಟು ಹೊಲಿಯುವವರು ಈಗ ಅವರೊಬ್ಬರೇ.
ಅವರ ತಾತ ಗಣಿಯ ದೊರೆಗಳಿಗೆ ಹೊಲಿದವರು.
ಗೋಡೆಯ ಮೊಳೆಗೆ ಇನ್ನೂ ತೂಗುತ್ತದೆ
ಯಾವನೋ ದೊರೆಯ ಎದೆಯಳತೆ,
ಹುಳ ತಿಂದ ಕಂದು ಕಾಗದದಲ್ಲಿ.
ಮೇಸ್ತ್ರಿಯ ಲೆಕ್ಕದಲ್ಲಿ ಸೂಟಿಗೆ ಬಣ್ಣ ಮೂರು:
ಕಪ್ಪು, ಬೂದಿ, ನೇವಿ ನೀಲಿ.
ನಾಲ್ಕನೆಯದು ಬ್ಯಾಂಡ್‌ಸೆಟ್ಟಿನವರಿಗೆ.

ತಿಲಕವತಿ ಮೇಡಂ ತಂದುಕೊಟ್ಟದ್ದು ಬದನೆಕಾಯಿ ಬಣ್ಣ.
ತಾಲ್ಲೂಕು ಕಚೇರಿಯ ಶಿರಸ್ತೇದಾರ್,
ತಿಂಗಳ ಕೊನೆಗೆ ರಿಟೈರ್.
ಬೀಳ್ಕೊಡುಗೆಗೆ ರೇಷ್ಮೆ ಸೀರೆ ಬೇಡವಂತೆ.
ಭುಜ ಅಗಲ ಇರಲಿ, ಬಾಗಿಲಿಗೆ ತಾಗುವಷ್ಟು.
ಒಂದು ಲ್ಯಾಪೆಲ್ ಮಾವಿನಹಣ್ಣಿನ ಹಳದಿ,
ಇನ್ನೊಂದು ಬೇಡವೇ ಬೇಡ.
ಗುಂಡಿ ಒಂದೇ, ಅದೂ ನಡುವೆ ಅಲ್ಲ,
ಇಗೋ ಇಲ್ಲಿ, ಪಕ್ಕೆಲುಬಿನ ಮೇಲೆ,
ಜೋರಾಗಿ ನಕ್ಕಾಗ ನೋಯುತ್ತಲ್ಲ, ಅಲ್ಲಿ.

ಮೇಸ್ತ್ರಿ ಟೇಪನ್ನು ಕೊರಳಿಂದ ತೆಗೆದು
ಮತ್ತೆ ಕೊರಳಿಗೇ ಹಾಕಿಕೊಂಡರು.
"ಆಗಲಿ ತಾಯೀ, ಹೊಲೀತೀನಿ.
ಕಾಲಿಗಾದರೂ ಬಂಗಾರದ ಬಣ್ಣದ್ದು ಹಾಕ್ಕೊಳ್ಳಿ,
ಇದು ಬಂಗಾರದ ಊರು."

ಟ್ರಯಲ್ಲಿಗೆ ಬಂದ ದಿನ ಚೀಲದಿಂದ ಡಬ್ಬಿ ತೆಗೆದರು.
ಚೂಪು ಮೂತಿಯ ಹೀಲ್ಸು, ಎತ್ತರ ಮೂರಿಂಚು,
ಬಣ್ಣ ಅಂತ ಹೇಳಲಿಕ್ಕೆ ಏನೂ ಇಲ್ಲ.
ಬಿಸ್ಕತ್ತು? ಅಲ್ಲ. ಸಾರಿಸಿ ಒಣಗಿದ ಗೋಡೆ? ಅದೂ ಅಲ್ಲ.
ಕಿಟಕಿಯಾಚೆ ಕೈ ತೋರಿಸಿದರು: ಸೈನೈಡ್ ದಿಬ್ಬ.
ಮಳೆಗಾಲಕ್ಕೂ ಹುಲ್ಲು ಹಿಡಿಯದ, ಗಾಳಿ ಎದ್ದರೆ
ಊರಿನ ಊಟದ ತಟ್ಟೆಗಳ ಮೇಲೆಲ್ಲ ಕೂರುವ ಆ ಮಣ್ಣು.
ಕರ್ಚೀಫಿನ ತುದಿಗೆ ಒಂದು ಚಿಟಿಕೆ ಕಟ್ಟಿಕೊಂಡು ಹೋಗಿ
ಕಮರ್ಷಿಯಲ್ ಸ್ಟ್ರೀಟಿನಲ್ಲಿ ಬಿಚ್ಚಿ ತೋರಿಸಿದರಂತೆ.
ಹನ್ನೊಂದು ಡಬ್ಬಿ ತೆಗೆಸಿದ ಮೇಲೆ
ಹನ್ನೆರಡನೆಯದು ಕೂಡಿತು.

"ಬಂಗಾರ ಹೊರಗೆ ಹೋಯಿತು ಮೇಸ್ತ್ರೀ,
ಊರಿಗೆ ಉಳಿದ ಬಣ್ಣ ಇದು.
ನಮ್ಮಪ್ಪನ ಬೂಟನ್ನು ಅಮ್ಮ
ಒಂದು ದಿನವೂ ಹೊಸಿಲು ದಾಟಿಸಲಿಲ್ಲ.
ಜಾಕೀಟು ಕೂಗಲಿ. ಕಾಲು ಸುಮ್ಮನಿರಲಿ.
ಎರಡೂ ಒಟ್ಟಿಗೆ ಕೂಗಿದರೆ ಅದು ನಮ್ಮ ಕಚೇರಿ."

ಮೂವತ್ತೊಂದು ವರ್ಷ ಚಪ್ಪಟೆ ಚಪ್ಪಲಿಯಲ್ಲಿ
ಕಡತ ಹೊತ್ತ ಪಾದಗಳು. ಕಿರುಬೆರಳ ಮೇಲೆ ಆಣಿ.
ಹೀಲ್ಸಿನೊಳಗೆ ಇಳಿಯುವಾಗ ನನ್ನ ತಲೆ ಹಿಡಿದುಕೊಂಡರು.
"ಎಷ್ಟು ಎಣ್ಣೆ ಹಚ್ಚಿದ್ದೀಯೇ" ಅಂದರು.
ಮೇಸ್ತ್ರಿ ಮೇಲಿಂದ ಹೇಳುತ್ತಿದ್ದರು:
ಮುಂದೆ ಮೂತಿ ಮಾತ್ರ ಕಾಣಲಿ, ಹಲ್ಲಿ ಇಣುಕಿದಷ್ಟು.
ಹಿಂದೆ ಅರ್ಧ ಇಂಚು ಇಳಿಸು.
ಹಿಮ್ಮಡಿ ಮುಚ್ಚಬೇಕು, ನೆಲ ಗುಡಿಸಬಾರದು.
ನಾನು ಚುಚ್ಚುತ್ತಾ ಬಂದೆ. ಒಂದೊಂದೇ ಪಿನ್ನು
ಬಾಯಿಂದ ಪ್ಯಾಂಟಿಗೆ. ಬಾಯಿ ಖಾಲಿಯಾಯಿತು,
ಆಗಲೂ ಮಾತು ಬರಲಿಲ್ಲ.

"ನಡೆದು ತೋರಿಸಿ."
ಮಿಷನ್ನಿನಿಂದ ಬಾಗಿಲವರೆಗೆ ಆರು ಹೆಜ್ಜೆ.
ನಮ್ಮೂರು ಕೆಳಗೆಲ್ಲ ಟೊಳ್ಳು,
ಕೊರೆದಷ್ಟೂ ಕೊರೆದು ಈಗ ನೀರು ತುಂಬಿದೆ.
ಟಕ್. ಟಕ್.
ಯಾರದೋ ಮನೆಯ ಕದ ತಟ್ಟಿದ ಹಾಗೆ.
ಕೆಳಗಿನಿಂದ ಯಾರೂ ಓ ಅನ್ನಲಿಲ್ಲ.
ತಿರುಗುವಾಗ ಎಡಗಾಲು ಚೂರು ಹೊರಳಿತು,
ಹಳದಿ ಲ್ಯಾಪೆಲ್ ಒಮ್ಮೆ ರೆಕ್ಕೆ ಬಡಿಯಿತು,
ಬೀಳಲಿಲ್ಲ.

ಬೀಳ್ಕೊಡುಗೆಗೆ ನಮ್ಮನ್ನು ಯಾರೂ ಕರೆಯಲಿಲ್ಲ.
ಶಾಲು ಹೊದಿಸಲು ಬಂದ ಸಾಹೇಬರು ಆ ಭುಜ ನೋಡಿ
ಎಲ್ಲಿ ಹಾಕುವುದೆಂದು ತೋಚದೆ ಕೈಗೇ ಕೊಟ್ಟರಂತೆ.
ಮೇಸ್ತ್ರಿ ಇದನ್ನು ಬಂದ ಗಿರಾಕಿಗಳಿಗೆಲ್ಲ ಹೇಳಿದರು.
ಐದನೆಯವನ ಹೊತ್ತಿಗೆ
ಆ ಭುಜ ಅವರದೇ ಆಲೋಚನೆಯಾಗಿತ್ತು.

ಅಂಗಡಿಯ ಕೆಂಪು ನೆಲದಲ್ಲಿ, ಅವರು ತಿರುಗಿದ ಕಡೆ,
ಕಡಲೆಕಾಳಿನಷ್ಟು ಗುಳಿ ಬಿದ್ದಿದೆ.
ಸಂಜೆ ಕಸ ಗುಡಿಸುವಾಗ, ಕಳೆದ ಪಿನ್ನು
ಎಷ್ಟೋ ಸಲ ಅಲ್ಲೇ ಸಿಗುತ್ತದೆ.